ಬಾಡಿಗೆ ಕಾರು ಹತ್ತುವ ಮುನ್ನ



ಬೆಂಗಳೂರಿನ ಆಸ್ಪತ್ರೆಗೋ ಮಾರುಕಟ್ಟೆಗೋ ಹೋದಾಗ ಮೊಬೈಲಿನಲ್ಲಿ ಕಾರು ಕರೆಸುವುದು ಈಗ ನಮಗೂ ರೂಢಿಯಾಗಿದೆ. ಹತ್ತುವ ಮುನ್ನ ನಂಬರು ಬೋರ್ಡನ್ನು ನೋಡಿರಿ. ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಬಾಡಿಗೆಗೆಂದೇ ನೋಂದಾಯಿಸಿದ ಗಾಡಿ. ವಿದ್ಯುತ್ ಗಾಡಿಯಾದರೆ ಹಸಿರು ಬೋರ್ಡು, ಹಳದಿ ಅಕ್ಷರ. ಇವುಗಳ ವಿಮೆ ಬಾಡಿಗೆ ಕೊಟ್ಟು ಕುಳಿತವರಿಗೂ ಅನ್ವಯಿಸುತ್ತದೆ. ಬಿಳಿ ಬೋರ್ಡಿನದು ಸ್ವಂತ ಉಪಯೋಗದ ಗಾಡಿ. ಅದನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ, ಷರತ್ತು ಮುರಿದಿದೆಯೆಂದು ವಿಮಾ ಕಂಪನಿ ತಕರಾರು ತೆಗೆಯುತ್ತದೆ. ನಾಲ್ಕು ಕಾಸು ಉಳಿಸಹೋಗಿ ವರ್ಷಗಟ್ಟಲೆ ಅಲೆಯಬೇಕಾದೀತು.

ಅಪಘಾತವಾದರೆ ಏನು ಮಾಡಬೇಕು? ಮೊದಲು ಗಾಯಾಳುವಿಗೆ ಚಿಕಿತ್ಸೆ. ಕೂಡಲೇ ಪೊಲೀಸರಿಗೆ ದೂರು. ಗಾಡಿಯ ನಂಬರು, ಪ್ರಯಾಣದ ರಸೀದಿ, ಆಸ್ಪತ್ರೆಯ ಚೀಟಿಗಳನ್ನು ಜೋಪಾನವಾಗಿಡಿರಿ. ಚಾಲಕನ ತಪ್ಪಿಗೆ ಮಾಲೀಕನೂ ಹೊಣೆ. ಅವನ ಪರವಾಗಿ ಹಣ ಕೊಡಬೇಕಾದದ್ದು ವಿಮಾ ಕಂಪನಿ. ತಪ್ಪು ಯಾರದೆಂದು ರುಜುವಾತು ಮಾಡದೆಯೂ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಲು 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿ ಅವಕಾಶ ಕೊಟ್ಟಿದೆ.

ಪರಿಹಾರದ ಅರ್ಜಿಯನ್ನು 6 ತಿಂಗಳೊಳಗೇ ಹಾಕಿರಿ. ಬೆಂಗಳೂರಿಗೆ ಓಡಾಡಬೇಕಿಲ್ಲ, ನೀವು ವಾಸಿಸುವ ಊರಿನ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಸಲ್ಲಿಸಬಹುದು. ಅಲ್ಲಿಯವರೆಗೆ, ಯಾರೋ ಕೈಗಿಟ್ಟ ಅಲ್ಪ ಹಣಕ್ಕೆ ಒಪ್ಪಿ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ.