ಬಿದ್ದ ಬೈಕ್ ಒಬ್ಬನೇ ಎತ್ತೋಕಾಗುತ್ತಾ? ಕಡೂರು, ಅಜ್ಜಂಪುರ, ತರೀಕೆರೆಯಲ್ಲಿ ಮೂರು ಬೈಕ್, ಮೂರು ಮಣ್ಣು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ, ಹಾಸ್ಟೆಲ್ ರೂಮಲ್ಲಿ, ತೋಟಕ್ಕೆ ನೀರು ಬಿಟ್ಟು ಬದುವಿನ ಮೇಲೆ ಕೂತ್ಕೊಂಡು ಕೇಳಿ, ಪರವಾಗಿಲ್ಲ. ಬೈಕ್ ಓಡಿಸ್ತಾ ಕೇಳ್ತಿದ್ರೆ ಮಾತ್ರ ದಯವಿಟ್ಟು ಪಕ್ಕಕ್ಕೆ ನಿಲ್ಲಿಸಿ, ಇಲ್ಲಾಂದ್ರೆ ಆಫ್ ಮಾಡಿ.

ವಾರಕ್ಕೆ ಹತ್ತು ಜನನಾದ್ರೂ ಮೆಸೇಜ್ ಹಾಕ್ತಾರೆ: "ಅಣ್ಣಾ, ಆಫ್‌ರೋಡ್‌ಗೆ ಯಾವ ಬೈಕ್ ತಗೊಳ್ಳಲಿ?" ಇಷ್ಟು ದಿನ ಏನೋ ಒಂದು ಉತ್ತರ ಕೊಟ್ಟು ಸುಮ್ಮನಾಗ್ತಿದ್ದೆ. ಈ ಸಲ ಅದೇ ಪ್ರಶ್ನೆ ಮನೆಯಿಂದ ಬಂತು. ತರೀಕೆರೆಯಿಂದ ಚಿಕ್ಕಮ್ಮ ಫೋನ್ ಮಾಡಿದ್ರು. "ನೋಡಪ್ಪಾ, ನಿನ್ನ ತಮ್ಮ ಈ ಸಲದ ಅಡಿಕೆ ದುಡ್ಡಲ್ಲಿ ಬೈಕೇ ಬೇಕು ಅಂತ ಹಟ ಹಿಡಿದು ಕೂತಿದ್ದಾನೆ. ನಿನ್ನ ವಿಡಿಯೋ ನೋಡಿ ನೋಡಿನೇ ಕೆಟ್ಟಿರೋದು. ನೀನೇ ಹೇಳು ಅವನಿಗೆ."

ಆ ಮಾತು ನನಗೆ ಚುಚ್ಚಿತು. ಯಾಕೆ ಅಂದ್ರೆ ನನ್ನ ವಿಡಿಯೋಗಳಲ್ಲಿ ಇಲ್ಲದೇ ಇರೋ ಒಂದು ದಿನ ಇದೆ. ಎರಡು ವರ್ಷದ ಹಿಂದೆ, ಕಡೂರಿನ ಕಡೆ ಒಂದು ಒಣಗಿದ ಕೆರೆ ಅಂಗಳಕ್ಕೆ ಒಬ್ಬನೇ ಹೋಗಿದ್ದೆ. ಯಾರದ್ದೋ ದೊಡ್ಡ ಬೈಕ್, ಒಂದು ದಿನಕ್ಕೆ ಅಂತ ಕೇಳಿ ತಂದಿದ್ದು. ಮೇಲೆ ಒಣಗಿದ ಪದರ, ಒಳಗೆ ಹಸಿ ಕೆಸರು. ಮುಂದಿನ ಚಕ್ರ ಹೂತುಕೊಳ್ತು, ಬೈಕ್ ಎಡಕ್ಕೆ ಮಲಗಿತು, ಕೆಳಗೆ ನನ್ನ ಕಾಲು. ಫೋನ್ ಇದ್ದಿದ್ದು ಟ್ಯಾಂಕ್ ಮೇಲಿನ ಬ್ಯಾಗಲ್ಲಿ, ಕೈಗೆ ಸಿಗದಷ್ಟು ದೂರ. ಸುಮಾರು ನಲವತ್ತು ನಿಮಿಷ ಹಾಗೇ ಬಿದ್ದಿದ್ದೆ. ಕುರಿ ಹೊಡ್ಕೊಂಡು ಬಂದ ಒಬ್ಬ ಅಜ್ಜ ನೋಡಿ, ಇನ್ನಿಬ್ಬರನ್ನ ಕೂಗಿ ಕರೆದು ಎತ್ತಿಸಿದ. ಎಡಗಾಲ ಕಣಕಾಲಲ್ಲಿ ಇವತ್ತಿಗೂ ಪ್ಲೇಟ್ ಇದೆ. ಹಾಕಿದ್ದು ಮಾಮೂಲಿ ಕ್ಯಾನ್ವಾಸ್ ಶೂ. ತಪ್ಪು ಪೂರ್ತಿ ನನ್ನದೇ, ಬೈಕಿಂದಲ್ಲ. ಆ ದಿನದ ವಿಡಿಯೋ ಇದೆ, ಆದ್ರೆ ಅಪ್‌ಲೋಡ್ ಮಾಡಲಿಲ್ಲ. ನಾಚಿಕೆ ಆಯ್ತು, ಅಷ್ಟೇ.

ಹಾಗಾಗಿ ತಮ್ಮನಿಗೆ ಹೇಳಿದೆ, "ಸರಿ ಮಗಾ, ಮೂರು ಬೈಕ್ ಹೊಂದಿಸ್ತೀನಿ. ನೀನೇ ಓಡಿಸು. ನೀನೇ ಬೀಳು. ನೀನೇ ಎತ್ತು. ಆಮೇಲೆ ಮಾತಾಡೋಣ."

ಮೂರೂ ಗೆಳೆಯರ ಬೈಕ್, ಯಾವ ಕಂಪನಿನೂ ಕೊಟ್ಟಿದ್ದಲ್ಲ. ಒಂದು ಹೀರೋ ಎಕ್ಸ್‌ಪಲ್ಸ್ 200 4ವಿ: 199.6 ಸಿಸಿ, ಹತ್ತೊಂಬತ್ತು ಕುದುರೆ ಶಕ್ತಿಯ ಆಸುಪಾಸು, ತೂಕ 159 ಕೆಜಿ, ಸೀಟ್ ಎತ್ತರ 825 ಮಿಲಿಮೀಟರ್. ಎರಡನೇದು ಕವಾಸಾಕಿ ಕೆಎಲ್‌ಎಕ್ಸ್ 230: 233 ಸಿಸಿ, ಶಕ್ತಿ ಹೆಚ್ಚುಕಮ್ಮಿ ಅಷ್ಟೇ, ತೂಕ 139, ಸೀಟ್ 880. ಮೂರನೇದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450: 452 ಸಿಸಿ, ನಲವತ್ತರ ಹತ್ತಿರ ಶಕ್ತಿ, ತೂಕ 196, ಸೀಟ್ 825. ಮೂರಕ್ಕೂ ಮುಂದೆ 21 ಇಂಚಿನ ಚಕ್ರ.

ನಿಜವಾದ ಎಂಡ್ಯೂರೋ ಬೈಕ್ ಅಂದ್ರೆ ಇವು ಯಾವುವೂ ಅಲ್ಲ, ಇದನ್ನ ಮೊದಲೇ ಹೇಳಿಬಿಡ್ತೀನಿ. ಎಂಡ್ಯೂರೋ ಅನ್ನೋದು ತಾಳಿಕೆಯ ಪಂದ್ಯ. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಶುರುವಾದ ಆರು ದಿನಗಳ ಸ್ಪರ್ಧೆ ಇವತ್ತಿಗೂ ನಡೀತಿದೆ. ಅದಕ್ಕೆ ಬಳಸೋ ಬೈಕ್ ನೂರಾಹತ್ತು ಕೆಜಿ ಆಸುಪಾಸು. ಅಂಥವಕ್ಕೆ ನಮ್ಮಲ್ಲಿ ನಂಬರ್ ಪ್ಲೇಟ್ ಸಿಗೋದು ಕಷ್ಟ. ಟ್ರಕ್ಕಿಗೆ ಹಾಕ್ಕೊಂಡು ಟ್ರ್ಯಾಕಿಗೆ ಒಯ್ಯಬೇಕು. ನಾವು ನೋಡ್ತಿರೋದು ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಮಧ್ಯಾಹ್ನ ಕಾಲೇಜಿಗೆ ಹೋಗಿ, ಭಾನುವಾರ ಮಣ್ಣಿಗೆ ಇಳಿಸಬಹುದಾದ ಬೈಕ್.

ಶುರು ಮಾಡಿದ್ದು ಕಡೂರಿನಿಂದ. ಮಳೆ ನೆರಳಿನ ಒಣ ಸೀಮೆ, ತೆಂಗಿನ ತೋಟ, ರಾಗಿ ಹೊಲ, ಮಧ್ಯೆ ಮಧ್ಯೆ ಬಳ್ಳಾರಿ ಜಾಲಿ. ಗೆಳೆಯನ ತೋಟದ ಗಾಡಿ ಜಾಡಲ್ಲಿ, ಅವನ ಅಪ್ಪನ್ನ ಕೇಳಿಯೇ ಓಡಿಸಿದ್ದು. ಗಟ್ಟಿ ನೆಲ, ಗರಸು ಕಲ್ಲು. ಇಲ್ಲಿ ಹಿಮಾಲಯನ್ ರಾಜನ ಥರ ಹೋಯ್ತು. ನಿಂತ್ಕೊಂಡು ಓಡಿಸಿದ್ರೆ ಬೈಕ್ ತಾನೇ ದಾರಿ ಹುಡುಕ್ಕೊಂಡು ಹೋಗುತ್ತೆ ಅನ್ನಿಸ್ತಿತ್ತು. ತಮ್ಮ ಇಳಿದು ಬಂದವನೇ, "ಅಣ್ಣಾ, ಫೈನಲ್. ಇದೇ" ಅಂದ. ನಾನು ಏನೂ ಮಾತಾಡಲಿಲ್ಲ.

ಕಡೂರಲ್ಲಿ ಆಗಿದ್ದು ಇನ್ನೊಂದೇ, ಪಂಚರ್. ಜಾಲಿ ಮುಳ್ಳು ಕೆಎಲ್‌ಎಕ್ಸ್ ಮುಂದಿನ ಟೈರಿಗೆ ಹೊಕ್ಕಿತ್ತು. ಕಡ್ಡಿ ಚಕ್ರ, ಒಳಗೆ ಟ್ಯೂಬ್. ಬೀರೂರಿನ ಪಂಚರ್ ಅಂಗಡಿಯವರು ಪ್ಯಾಚ್ ಏನೋ ಹಾಕಿಕೊಟ್ರು. ಆದ್ರೆ "ಇಪ್ಪತ್ತೊಂದಿಂಚಿನ ಟ್ಯೂಬ್ ನಮ್ಮತ್ರ ಎಲ್ಲಿ ಸಿಗುತ್ತೆ ಸಾರ್" ಅಂದ್ರು. ಬ್ಯಾಗಲ್ಲಿ ಒಂದು ಟ್ಯೂಬ್, ಎರಡು ಟೈರ್ ಲಿವರ್, ಒಂದು ಕೈ ಪಂಪ್ ಇಟ್ಕೊಳ್ಳಿ. ಮಣ್ಣಿಗೆ ಇಳಿದಾಗ ಗಾಳಿ ಕಮ್ಮಿ ಮಾಡಿದ್ರೆ ಹಿಡಿತ ಚೆನ್ನಾಗಿ ಸಿಗುತ್ತೆ, ಆದ್ರೆ ಟ್ಯೂಬ್ ಇರೋ ಟೈರಲ್ಲಿ ಇಪ್ಪತ್ತಕ್ಕಿಂತ ಕೆಳಗೆ ಇಳಿಸೋಕೆ ನನಗೆ ಧೈರ್ಯ ಇಲ್ಲ. ಕಲ್ಲಿಗೆ ಬಡಿದ್ರೆ ರಿಮ್ಮಿನ ಮಧ್ಯೆ ಟ್ಯೂಬ್ ಸಿಕ್ಕಿ ಹರಿಯುತ್ತೆ.

ಈಗ ಅಜ್ಜಂಪುರ. ನಿಜವಾದ ಪರೀಕ್ಷೆ ನಡೆದಿದ್ದು ಇಲ್ಲಿ.

ನೋಡಿದವರಿಗೆ ಗೊತ್ತು, ಅಜ್ಜಂಪುರದ ಕಡೆ ಎರೆ ಭೂಮಿ, ಈರುಳ್ಳಿ ಸೀಮೆ. ನಾವು ಹೋಗಿದ್ದು ಅಕ್ಟೋಬರಲ್ಲಿ, ಹಿಂದಿನ ರಾತ್ರಿ ಮಳೆ. ಕಪ್ಪು ಮಣ್ಣು ಒಣಗಿದ್ದಾಗ ಡಾಂಬರಿಗಿಂತ ಚೆಂದ. ನೆನೆದಾಗ ಅದು ಮಣ್ಣಲ್ಲ, ಗೋಂದು. ಟೈರಿನ ಹಲ್ಲಿನ ಸಂದಿಗೆಲ್ಲ ಮೆತ್ತಿಕೊಂಡು, ಟೈರ್ ನುಣ್ಣಗಿನ ಉಂಡೆ ಆಗಿಬಿಡುತ್ತೆ. ಆಮೇಲೆ ಮಡ್‌ಗಾರ್ಡ್ ಮತ್ತು ಚಕ್ರದ ಮಧ್ಯೆ ತುಂಬಿ, ಚಕ್ರ ತಿರುಗೋದೇ ನಿಲ್ಲುತ್ತೆ. ಎಷ್ಟೇ ಕುದುರೆ ಶಕ್ತಿ ಇದ್ರೂ ಅಲ್ಲಿ ಕೆಲಸಕ್ಕೆ ಬರಲ್ಲ. ಜಾಸ್ತಿ ಆಕ್ಸಿಲರೇಟರ್ ಕೊಟ್ಟಷ್ಟೂ ಹಿಂದಿನ ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತೆ.

ಹೊಲದ ಪಕ್ಕದ ಬಂಡಿ ದಾರಿ, ನೂರಿನ್ನೂರು ಮೀಟರ್ ಇರಬಹುದು. ಕೆಎಲ್‌ಎಕ್ಸ್ ದಾಟಿತು. ಅದರ ಮುಂದಿನ ಮಡ್‌ಗಾರ್ಡ್ ಚಕ್ರದಿಂದ ತುಂಬಾ ಮೇಲಿದೆ, ಮಣ್ಣು ಉದುರೋಕೆ ಜಾಗ ಇದೆ. ಬೈಕ್ ಹಗುರ ಆಗಿರೋದ್ರಿಂದ ಜಾರಿದ್ರೂ ಕಾಲು ಕೊಟ್ಟು ನಿಲ್ಲಿಸಬಹುದು. ಎಕ್ಸ್‌ಪಲ್ಸ್ ಎರಡು ಕಡೆ ನಿಂತಿತು. ಕೋಲು ತಗೊಂಡು ಮಣ್ಣು ಕೆರೆದು, ಎರಡನೇ ಗೇರಲ್ಲಿ ಕ್ಲಚ್ ಹಿಡಿದು ಹಿಡಿದು ಬಿಡ್ತಾ ಹೊರಗೆ ತಂದ್ವಿ. ಹಿಮಾಲಯನ್ ಮೇಲೆ ತಮ್ಮ ಇದ್ದ. ಮೂವತ್ತು ಮೀಟರ್ ಹೋಗಿರಬೇಕು. ಮೆಲ್ಲಗೆ, ಎಮ್ಮೆ ಮಲಗೋ ಥರ, ಬಲಕ್ಕೆ ಮಲಗಿತು. ಅವನು ಸರಿಯಾಗಿ ಆಚೆ ಹಾರಿದ. ನನ್ನ ಕಣಕಾಲು ಮಾತ್ರ ಯಾಕೋ ನೋಯ್ತು.

"ಎತ್ತು" ಅಂದೆ.

ಮೊದಲು ಹ್ಯಾಂಡಲ್ ಹಿಡಿದು ತೋಳಿನ ಬಲದಲ್ಲಿ ಎಳೆದ. ಅಲುಗಾಡಲಿಲ್ಲ. ಆಮೇಲೆ ಹೇಳಿಕೊಟ್ಟೆ. ನೀವೂ ಕೇಳಿಸ್ಕೊಳ್ಳಿ. ಮೊದಲು ಇಂಜಿನ್ ಆಫ್. ಗೇರಲ್ಲಿ ಇಡಿ, ಇಲ್ಲಾಂದ್ರೆ ಉರುಳುತ್ತೆ. ಬಲಕ್ಕೆ ಬಿದ್ದಿದ್ರೆ ಸೈಡ್ ಸ್ಟ್ಯಾಂಡ್ ಈಗಲೇ ತೆಗೆದಿಡಿ, ಎತ್ತಿದ ಮೇಲೆ ಆ ಕಡೆ ಬೀಳಲ್ಲ. ಬೈಕಿಗೆ ಬೆನ್ನು ಕೊಟ್ಟು, ಸೀಟಿಗೆ ಸೊಂಟ ಒತ್ತಿ ಕುಕ್ಕರಗಾಲಲ್ಲಿ ಕೂರಿ. ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಹಿಂದಿನ ಗ್ರ್ಯಾಬ್ ರೈಲಿಗೆ. ಬೆನ್ನು ನೇರ, ಪುಟ್ಟ ಪುಟ್ಟ ಹೆಜ್ಜೆ ಹಿಂದಕ್ಕೆ. ಎತ್ತೋದು ಕಾಲು, ಸೊಂಟ ಅಲ್ಲ.

ಗಟ್ಟಿ ನೆಲದಲ್ಲಾದ್ರೆ ಇದು ನಡೆಯುತ್ತೆ. ಎರೆಯಲ್ಲಿ ಅವನ ಹೆಜ್ಜೆನೇ ಜಾರ್ತಿತ್ತು. ಮೂರು ಸಲ ನೋಡಿದ. ಮೂರನೇ ಸಲಕ್ಕೆ ಕೆಸರಲ್ಲೇ ಕೂತ. ಈರುಳ್ಳಿ ಕಿತ್ತು ಗುಡ್ಡೆ ಹಾಕ್ತಿದ್ದ ಒಬ್ಬ ಯಜಮಾನರು ಬದುವಿನ ಮೇಲೆ ನಿಂತು ಎಲ್ಲ ನೋಡ್ತಿದ್ರು. "ಏನಪ್ಪಾ ತಮ್ಮಾ, ಇಷ್ಟು ದುಡ್ಡು ಕೊಟ್ಟಿದ್ದು ಕೆಸರಲ್ಲಿ ಕೂರೋಕಾ?" ಅಂದ್ರು. ಆಮೇಲೆ ಅವರೇ ಪಂಚೆ ಎತ್ತಿ ಕಟ್ಟಿ ಇಳಿದು ಬಂದ್ರು. ನಾಲ್ಕು ಜನ ಸೇರಿ ಎತ್ತಿದ್ವಿ.

ಎಕ್ಸ್‌ಪಲ್ಸನ್ನ ಬೇಕಂತಲೇ ಮಲಗಿಸಿ ಎತ್ತಿಸಿದೆ. ಎರಡನೇ ಪ್ರಯತ್ನಕ್ಕೆ ಎದ್ದಿತು. ಕೆಎಲ್‌ಎಕ್ಸ್ ಮೊದಲನೇದಕ್ಕೇ. 196ಕ್ಕೂ 139ಕ್ಕೂ ಇರೋ ವ್ಯತ್ಯಾಸ 57 ಕೆಜಿ, ಅಂದ್ರೆ ಒಂದು ಸಿಮೆಂಟ್ ಮೂಟೆಗಿಂತ ಜಾಸ್ತಿ. ಕಂಪನಿಯವರ ಕಾಗದದಲ್ಲಿ ಅದು ಬರೀ ಸಂಖ್ಯೆ.

ಮಧ್ಯಾಹ್ನ ಊಟ ಆದ್ಮೇಲೆ ಒಂದು ಸಣ್ಣ ಜಗಳ ಆಯ್ತು. ಜೊತೆಗಿದ್ದ ಗೆಳೆಯ, "ಕಾವಲಿಗೆ ಹೋಗೋಣ ಗುರು, ಬಯಲು ಹುಲ್ಲುಗಾವಲು, ಡ್ರೋನ್ ಶಾಟ್ ಸಖತ್ತಾಗಿ ಬರುತ್ತೆ" ಅಂದ. ನಾನು ಆಗಲ್ಲ ಅಂದೆ. ಅವನಿಗೆ ಕೋಪ ಬಂತು.

ಈ ಸೀಮೆಯ ಕಾವಲುಗಳು ಖಾಲಿ ಜಾಗ ಅಲ್ಲ ಕಣ್ರೀ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ದನದ ಇಲಾಖೆಗೆ ಅಮೃತ್ ಮಹಲ್ ಅಂತ ಹೆಸರಿಟ್ಟಿದ್ದು ಟಿಪ್ಪು. ಆ ದನಗಳಿಗೆ ಮೇವಿಗೆ ಅಂತ ಬಿಟ್ಟ ಹುಲ್ಲುಗಾವಲುಗಳೇ ಈ ಕಾವಲುಗಳು. ಅಜ್ಜಂಪುರದಲ್ಲಿ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ ಇವತ್ತಿಗೂ ಇದೆ. ಹೈದರ್, ಟಿಪ್ಪು ಸೈನ್ಯದ ಫಿರಂಗಿ ಎಳೆದಿದ್ದು ಇದೇ ಎತ್ತು. ಕೆಸರು, ಕಲ್ಲು, ಹೊಳೆ ಏನೂ ನೋಡದೆ ಎಳೆದಿವೆ, ಅದೂ ಪೆಟ್ರೋಲ್ ಇಲ್ಲದೆ. ಈ ಸೀಮೆಯ ಮೊದಲ ಆಫ್‌ರೋಡ್ ಗಾಡಿ ಅವೇ ಅಂತ ನಾನು ತಮಾಷೆಗೆ ಹೇಳ್ತಿರ್ತೀನಿ. ಕಡೂರು ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲನ್ನ 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ರು. ಅಲ್ಲಿ ನೆಲದ ಮೇಲೇ ಗೂಡು ಕಟ್ಟೋ ಹಕ್ಕಿಗಳಿವೆ. ಮಳೆಗಾಲದಲ್ಲಿ ಒಂದು ಟೈರಿನ ಗೆರೆ ಬಿದ್ರೆ ಮುಂದಿನ ಮಳೆಗೆ ಅದೇ ನೀರು ಹರಿಯೋ ಕೊರಕಲು ಆಗುತ್ತೆ. ಹತ್ತು ಸೆಕೆಂಡ್ ರೀಲ್‌ಗೆ ಅದನ್ನ ಮಾಡೋದಾ? ಅನುಮತಿ ಕೇಳದೆ ಕಾವಲಿಗೆ, ಕಾಡಿಗೆ ಬೈಕ್ ನುಗ್ಗಿಸೋ ವಿಡಿಯೋ ಕಳಿಸಿದ್ರೆ ನಾನು ಶೇರ್ ಮಾಡಲ್ಲ, ಇದು ಕೊನೇ ಮಾತು. ಗೆಳೆಯ ಸಂಜೆವರೆಗೂ ಮುಖ ಊದಿಸ್ಕೊಂಡಿದ್ದ. ಈಗ ಸರಿಯಾಗಿದ್ದಾನೆ.

ಸಂಜೆ ತರೀಕೆರೆ. ಬಯಲುಸೀಮೆ ಮುಗಿದು ಮಲೆನಾಡು ಶುರುವಾಗೋ ಜಾಗ. ಲಿಂಗದಹಳ್ಳಿ ದಾಟಿದ್ರೆ ಕಲ್ಲತ್ತಿಗಿರಿ, ಮೇಲೆ ಕೆಮ್ಮಣ್ಣುಗುಂಡಿ. ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗ್ತಿದ್ದಿದ್ದು ಅಲ್ಲಿಂದಲೇ, ಮಣ್ಣಿನ ಬಣ್ಣ ಹೆಸರಲ್ಲೇ ಇದೆ. ನಾವು ಬೆಟ್ಟ ಹತ್ತಲಿಲ್ಲ, ಚಿಕ್ಕಪ್ಪನ ಅಡಿಕೆ ತೋಟದ ಇಳಿಜಾರು ದಾರಿಯೇ ಸಾಕಾಯ್ತು. ಒದ್ದೆ ಕೆಂಪು ಮಣ್ಣು, ಬೇರು, ಪಾಚಿ ಕಟ್ಟಿದ ಕಲ್ಲು.

ಬೆಳಿಗ್ಗೆಯಿಂದ ಗೆಲ್ತಿದ್ದ ಕೆಎಲ್‌ಎಕ್ಸ್ ಇಲ್ಲಿ ಸೋತಿತು. ಬೈಕಿನ ತಪ್ಪಲ್ಲ. ತಮ್ಮ ಐದೂವರೆ ಅಡಿಗೆ ಒಂದಿಂಚು ಕಮ್ಮಿ. 880ರ ಸೀಟಲ್ಲಿ ಕೂತ್ರೆ ಅವನಿಗೆ ಬೆರಳ ತುದಿ ಮಾತ್ರ ನೆಲಕ್ಕೆ ತಾಗೋದು. ಸಮತಟ್ಟಲ್ಲಿ ನಡೆಯುತ್ತೆ. ಇಳಿಜಾರಲ್ಲಿ ಕಾಲಿಡೋಕೆ ಹೋದಾಗ ಆ ಕಡೆ ನೆಲವೇ ಇರಲ್ಲ. ಎರಡು ಸಲ ಬಿದ್ದ. ಎಕ್ಸ್‌ಪಲ್ಸಲ್ಲಿ ಅದೇ ದಾರಿ, ಒಂದು ಸಲನೂ ಬೀಳಲಿಲ್ಲ. ಸಸ್ಪೆನ್ಷನ್ ಓಟ ಮುಂದೆ 190, ಹಿಂದೆ 170 ಮಿಲಿಮೀಟರ್, ಕೆಎಲ್‌ಎಕ್ಸಿನ 240, 250ರ ಮುಂದೆ ಏನೂ ಅಲ್ಲ. ಕಲ್ಲಿನ ಮೇಲೆ ದಡ್ ಅಂತ ಹೊಡೆಯುತ್ತೆ. ಹೈವೇಲಿ ಎಂಬತ್ತು ದಾಟಿದ್ರೆ ಉಸಿರು ಬಿಡುತ್ತೆ. ಆದ್ರೂ ಕಾಲು ನೆಲಕ್ಕೆ ಸಿಗುತ್ತೆ, ಬಿದ್ರೆ ಎತ್ತಬಹುದು. ಕಲಿಯೋ ಹುಡುಗನಿಗೆ ಬೇಕಾಗಿದ್ದು ಅದು. ನೀವು ಐದೂ ಹತ್ತು, ಆರಡಿ ಇದ್ರೆ ನನ್ನ ಉತ್ತರ ಕೆಎಲ್‌ಎಕ್ಸ್. 2024ರ ಡಿಸೆಂಬರಲ್ಲಿ 3.30 ಲಕ್ಷಕ್ಕೆ ಬಂದಿದ್ದು, ಆಮೇಲೆ ಇಲ್ಲೇ ತಯಾರಿಸೋಕೆ ಶುರು ಮಾಡಿ ಎರಡು ಲಕ್ಷದ ಒಳಗೆ ಇಳಿಸಿದ್ರು. ಟ್ಯಾಂಕ್ ಮಾತ್ರ 7.6 ಲೀಟರ್, ಬಂಕ್ ಎಲ್ಲೆಲ್ಲಿದೆ ನೋಡಿಕೊಂಡೇ ಹೊರಡಬೇಕು. ಹಿಮಾಲಯನ್? ಗೋವಾಕ್ಕೆ, ಲಡಾಖ್‌ಗೆ ಹೋಗೋ ಆಸೆ ಇರೋರು ಕಣ್ಣುಮುಚ್ಚಿ ತಗೊಳ್ಳಿ. ಎರೆಗೆ ಒಬ್ಬರೇ ಇಳಿಸಬೇಡಿ, ಅಷ್ಟೇ.

ಒಬ್ಬರೇ ಅನ್ನೋದನ್ನ ಒತ್ತಿ ಹೇಳ್ತಿದೀನಿ. ಇಬ್ಬರಾದ್ರೂ ಇರಿ, ಫೋನ್ ಮೈಮೇಲಿನ ಜೇಬಲ್ಲಿರಲಿ, ಎಲ್ಲಿಗೆ ಹೋಗ್ತಿದೀನಿ ಅಂತ ಮನೇಲಿ ಹೇಳಿ ಹೋಗಿ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. ಕೋಲಾರದ ಹತ್ತಿರ ಮಣ್ಣಿನ ಟ್ರ್ಯಾಕ್ ಮಾಡಿ ತರಬೇತಿನೂ ಶುರು ಮಾಡಿದವರು. ಅಂಥವರೇ 2021ರ ಡಕಾರಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ್ರು. ನಾವು ಯಾವ ಲೆಕ್ಕ.

ರಾತ್ರಿ ಚಿಕ್ಕಮ್ಮನ ಮನೆ ಅಂಗಳದಲ್ಲಿ ಕೂತು, ಆ ಹಳೇ ವಿಡಿಯೋನ ತಮ್ಮನಿಗೆ ತೋರಿಸಿದೆ. ಕ್ಯಾಮೆರಾ ಹೆಲ್ಮೆಟ್ಟಲ್ಲೇ ಇತ್ತಲ್ಲ, ಪೂರ್ತಿ ರೆಕಾರ್ಡ್ ಆಗಿದೆ: ಆಕಾಶ, ನನ್ನ ಕೂಗು, ಕೊನೆಗೆ ಕುರಿಗಳ ಸದ್ದು. ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡಿದ್ರು, ಏನೂ ಅನ್ನದೆ ಒಳಗೆ ಹೋದ್ರು. ಅವನೂ ಮಾತಾಡಲಿಲ್ಲ. ಬೈಕ್ ಆಸೆ ಬಿಟ್ಟುಬಿಟ್ಟ ಅಂದುಕೊಂಡೆ.

ಮೂರು ದಿನ ಆದ್ಮೇಲೆ ಫೋನ್ ಮಾಡಿದ. "ಅಣ್ಣಾ, ಆ ಗಟ್ಟಿ ಬೂಟ್ ಇದಾವಲ್ಲ, ಕಣಕಾಲು ಪೂರ್ತಿ ಮುಚ್ಚೋವು, ಅದಕ್ಕೆಷ್ಟು? ಈ ತಿಂಗಳು ಅದು ತಗೋತೀನಿ. ಬೈಕ್ ಆಮೇಲೆ ನೋಡೋಣ."