ಅಚ್ಚಿನ ಆಜ್ಞೆಗಳ ಮೂಲ ಹುಡುಕುವ ಬಗೆ

ಹೊಸೂರಿನ ಸಿಪ್ಕಾಟ್ ಕಾರ್ಖಾನೆಗಳ ಮಗ್ಗುಲಲ್ಲೇ ಇರುವ ನಮ್ಮ ಮೂಕಂಡಪಲ್ಲಿಯಲ್ಲಿ ಒಂದೇ ಮದುವೆಯ ಕರೆಯೋಲೆಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಾಣಿಸಿಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಕರೆಯೋಲೆ ಒಂದು ಹಾಳೆಯ ಕೆಲಸ, ಹೇಗೋ ಒಪ್ಪವಾಗಿಬಿಡುತ್ತದೆ. ಕಷ್ಟವಿರುವುದು ಪುಸ್ತಕ ಕಟ್ಟುವಾಗ. ಕನ್ನಡ ಶಾಲೆಯೊಂದರ ಸ್ಮರಣ ಸಂಚಿಕೆಯನ್ನು ಗಣಕಯಂತ್ರದಲ್ಲಿ ಜೋಡಿಸಿ ಕರಡು ತೋರಿಸಿದಾಗ, ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಸರಿಮಾಡಿಕೊಂಡು ಮೊದಲ ಪುಟದಲ್ಲೇ ನಿಂತುಬಿಟ್ಟರು. "ಏನಪ್ಪಾ ಇದು, ಮೈಯೆಲ್ಲ ಕನ್ನಡ, ತಲೆಗೆ ಮಾತ್ರ ಇಂಗ್ಲಿಷ್ ಟೋಪಿ?" ಎಂದರು. ನೋಡಿದರೆ, ಪರಿವಿಡಿಯ ಪುಟದ ನೆತ್ತಿಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ಕಂಟೆಂಟ್ಸ್' ಎಂದಿತ್ತು. ಆ ಪದವನ್ನು ನಾನು ಎಲ್ಲೂ ಬೆರಳಚ್ಚು ಮಾಡಿರಲಿಲ್ಲ. ಹಾಗಾದರೆ ಅದು ಬಂದದ್ದು ಎಲ್ಲಿಂದ?

ನಾನು ಬಳಸಿದ್ದು ಟೆಕ್ ಎಂಬ ಅಚ್ಚುಜೋಡಣೆಯ ತಂತ್ರಾಂಶವನ್ನು, ಅದರ ಮೇಲೆ ಕಟ್ಟಿದ ಲಾಟೆಕ್ ಎಂಬ ಆಜ್ಞೆಗಳ ಕಂತೆಯನ್ನು. ಟೆಕ್ ಹುಟ್ಟಿದ ಕಥೆ ಕರಡು ತಿದ್ದುವವರಿಗೆಲ್ಲ ಹಿಡಿಸುವಂಥದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕನೂತ್ ಅವರು 1977ರಲ್ಲಿ ತಮ್ಮ ಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡು ನೋಡಿದರು. ಮೊದಲ ಆವೃತ್ತಿ ಸೀಸದ ಮೊಳೆಯಲ್ಲಿ ಅಂದವಾಗಿ ಬಂದಿತ್ತು. ಹೊಸ ಯಂತ್ರದ ಪುಟ ಅವರ ಕಣ್ಣಿಗೆ ಕೆಟ್ಟದಾಗಿ ಕಂಡಿತು. ಬೈದು ಸುಮ್ಮನಾಗುವ ಬದಲು ತಾವೇ ಒಂದು ತಂತ್ರಾಂಶ ಬರೆಯಲು ಕುಳಿತರು. ಅದನ್ನು ಬರೆದದ್ದಷ್ಟೇ ಅಲ್ಲ, ಅದರ ಮೂಲ ಕ್ರಮವಿಧಿಯನ್ನೇ, ಸಾಲುಸಾಲಿಗೂ ವಿವರಣೆ ಸೇರಿಸಿ, 1986ರಲ್ಲಿ 'ಟೆಕ್: ದ ಪ್ರೋಗ್ರಾಮ್' ಎಂಬ ಪುಸ್ತಕವಾಗಿ ಪ್ರಕಟಿಸಿದರು. ಅದರಲ್ಲಿ ತಪ್ಪು ಕಂಡುಹಿಡಿದವರಿಗೆ 2 ಡಾಲರ್ 56 ಸೆಂಟಿನ ಚೆಕ್ಕನ್ನೂ ಕಳುಹಿಸುತ್ತಿದ್ದರು. ಹಲವರು ಅದನ್ನು ಬ್ಯಾಂಕಿಗೆ ಹಾಕದೆ ಗೋಡೆಗೆ ತೂಗುಹಾಕಿಕೊಂಡರು ಎನ್ನುವುದು ಬೇರೆ ಮಾತು.

ಇದನ್ನೇಕೆ ಹೇಳುತ್ತಿದ್ದೇನೆಂದರೆ, ಈ ತಂತ್ರಾಂಶದಲ್ಲಿ ಬೀಗ ಹಾಕಿದ ಕೋಣೆ ಇಲ್ಲ. ಯಾವ ಆಜ್ಞೆ ಏನು ಮಾಡುತ್ತದೆ ಎಂಬುದು ನಿಮ್ಮ ಗಣಕದಲ್ಲೇ ಯಾವುದೋ ಒಂದು ಕಡತದಲ್ಲಿ ಬರೆದಿರುತ್ತದೆ. ದಾರಿ ಗೊತ್ತಿರಬೇಕು, ಅಷ್ಟೆ. ಕಾಗದ, ಪೆನ್ನು ಹತ್ತಿರವಿದ್ದರೆ ಎತ್ತಿಕೊಳ್ಳಿ.

ಪರಿವಿಡಿ ಮೂಡಿಸಲು ನಾನು ಕೊಟ್ಟಿದ್ದ ಆಜ್ಞೆ 'ಟೇಬಲ್‌ಆಫ್‌ಕಂಟೆಂಟ್ಸ್'. ಲಾಟೆಕ್‌ನ ಆಜ್ಞೆಗಳೆಲ್ಲ ಹಿಂದಕ್ಕೆ ವಾಲಿದ ಓರೆಗೆರೆಯಿಂದ ಶುರುವಾಗುತ್ತವೆ. ಅದನ್ನು ಪ್ರತಿ ಸಲವೂ ಹೇಳುವುದಿಲ್ಲ, ನೀವೇ ಸೇರಿಸಿಕೊಳ್ಳಿ. ಈ ಆಜ್ಞೆಯ ಹಿಂದೆ 'ಷೋ' ಎಂಬ ಇನ್ನೊಂದು ಆಜ್ಞೆಯನ್ನು ಇಟ್ಟು ಓಡಿಸಿದೆ. ಯಂತ್ರ ಅಲ್ಲೇ ನಿಂತು, ಈ ಆಜ್ಞೆಯ ಹೊಟ್ಟೆಯೊಳಗೆ ಏನಿದೆ ಎಂದು ಪರದೆಯ ಮೇಲೆ ಬಿಚ್ಚಿ ತೋರಿಸಿತು. ಮೊದಲ ನೋಟಕ್ಕೆ ಅದು ಒಗಟಿನಂತೆಯೇ ಕಾಣುತ್ತದೆ, ಹೆದರಬೇಡಿ. ಅದರ ನಡುವೆ 'ಕಂಟೆಂಟ್ಸ್‌ನೇಮ್' ಎಂಬ ಹೆಸರು ಸಿಕ್ಕಿತು. ಅದಕ್ಕೂ 'ಷೋ' ಹಚ್ಚಿದೆ. ಬಾಣದ ಗುರುತಿನ ಮುಂದೆ ಒಂದೇ ಪದ, 'ಕಂಟೆಂಟ್ಸ್'. ಮೇಷ್ಟ್ರು ಹೇಳಿದ ಟೋಪಿ ಇದೇ!

ಕೆಲವು ಆಜ್ಞೆಗಳಿಗೆ 'ಷೋ' ಹಾಕಿದರೆ ಅದೇ ಹೆಸರು ತಿರುಗಿ ಬರುತ್ತದೆ. 'ಎಚ್‌ಬಾಕ್ಸ್' ಅಂಥದ್ದು. ಹಾಗೆಂದರೆ ನೀವು ತಳ ಮುಟ್ಟಿದಿರಿ, ಅದು ಟೆಕ್‌ನ ಮೂಲಧಾತು ಎಂದು ಅರ್ಥ. ಮುಂದಿನ ವಿವರವನ್ನು ಕನೂತ್ ಅವರ ಪುಸ್ತಕಗಳಲ್ಲೇ ನೋಡಬೇಕು. ಇನ್ನು ಕೆಲವು ಆಜ್ಞೆಗಳು ಮುಸುಕು ಹಾಕಿಕೊಂಡಿರುತ್ತವೆ, 'ಷೋ'ಗೆ ಪೂರ್ತಿ ಮುಖ ತೋರಿಸುವುದಿಲ್ಲ. ಅವುಗಳಿಗೆಂದೇ 'ಲಾಟೆಕ್‌ಡೆಫ್' ಎಂಬ ಪ್ರತ್ಯೇಕ ಸಾಧನವಿದೆ.

ಅರ್ಥ ತಿಳಿಯಿತು, ಆದರೆ ಅದನ್ನು ಬರೆದಿಟ್ಟ ಕಡತ ಯಾವುದು? ನನ್ನ ಪುಸ್ತಕ ನಿಂತಿದ್ದದ್ದು 'ಆರ್ಟಿಕಲ್' ಎಂಬ ಮಾದರಿಯ ಮೇಲೆ. 'ಕೆಪಿಎಸ್‌ಇವಿಚ್' ಎಂದು ಬೆರಳಚ್ಚು ಮಾಡಿ, ಒಂದು ಸ್ಥಳ ಬಿಟ್ಟು, ಕಡತದ ಹೆಸರು ಕೊಟ್ಟರೆ ಅದು ಯಾವ ಕೋಶದಲ್ಲಿದೆ ಎಂದು ಗಣಕ ಹೇಳುತ್ತದೆ. ಆದರೆ ಆ ಕಡತದಲ್ಲಿ ಬರಿಯ ಆಜ್ಞೆಗಳೇ ಇರುತ್ತವೆ. ಹೀಗೇಕೆ ಬರೆದರು ಎಂಬ ಟಿಪ್ಪಣಿಗಳನ್ನು ಯಂತ್ರದ ವೇಗಕ್ಕಾಗಿ ಕಳಚಿರುತ್ತಾರೆ. ಟಿಪ್ಪಣಿ ಸಹಿತವಾದ ಮೂಲ ಬೇರೆ ಕಡತದಲ್ಲಿರುತ್ತದೆ, ಅದರ ಹೆಸರಿನ ಬಾಲ ಡಿ-ಟಿ-ಎಕ್ಸ್. ಅದನ್ನು ಪುಟಗಳಾಗಿ ಓದಬೇಕೆಂದರೆ 'ಟೆಕ್‌ಡಾಕ್ ಕ್ಲಾಸಸ್' ಎಂದು ಕೊಡಿ. ಲಾಟೆಕ್‌ನ ಒಡಲನ್ನೇ ಓದಬೇಕೆಂದರೆ 'ಟೆಕ್‌ಡಾಕ್ ಸೋರ್ಸ್2ಇ'. ಇದು ನೂರಾರು ಪುಟಗಳ ದಪ್ಪ ಗ್ರಂಥ. ಆಜ್ಞೆಗಳ ಅಕಾರಾದಿ ಸೂಚಿ ಕೊನೆಯಲ್ಲಿರುವುದರಿಂದ ಹಿಂದಿನಿಂದ ಓದುವುದೇ ಲೇಸು.

ಈಗ ಒಂದು ಎಚ್ಚರಿಕೆ. ಮೂಲ ಕಡತ ಸಿಕ್ಕಿತೆಂದು ಅದರಲ್ಲೇ ಕೈಯಾಡಿಸಬೇಡಿ. ಮುಂದಿನ ಸಲ ತಂತ್ರಾಂಶ ಹೊಸದಾದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. 'ರಿನ್ಯೂಕಮ್ಯಾಂಡ್' ಎಂಬ ಆಜ್ಞೆಯಿಂದ ನಿಮ್ಮ ಪುಸ್ತಕದಲ್ಲೇ ಹೊಸ ಅರ್ಥ ಕೊಡಿ. ನಾನೂ ಹಾಗೇ ಮಾಡಿ, ಕಂಟೆಂಟ್ಸ್‌ನೇಮ್ ಎಂದರೆ 'ಪರಿವಿಡಿ' ಎಂದು ಬರೆದೆ. ಟೋಪಿ ಇಳಿಯಿತು.

ಮೇಷ್ಟ್ರ ಎರಡನೆಯ ತಕರಾರು ಇದಕ್ಕಿಂತ ಗಟ್ಟಿಯಾದದ್ದು. ಉದ್ದ ಪದಗಳು ಸಾಲಿನ ಕೊನೆಯಲ್ಲಿ ಒಡೆಯದೆ ಅಂಚಿನಾಚೆಗೆ ಮೂತಿ ಚಾಚಿದ್ದವು. ಕಾರಣ, ಇದು ಕನ್ನಡ ಎಂದು ನಾನು ಯಂತ್ರಕ್ಕೆ ಹೇಳಿರಲೇ ಇಲ್ಲ. 'ಪಾಲಿಗ್ಲಾಸಿಯಾ' ಎಂಬ ಕಂತೆಯಲ್ಲಿ ಕನ್ನಡಕ್ಕೆ 'ಗ್ಲಾಸ್-ಕನ್ನಡ' ಎಂಬ ಕಡತವೇ ಇದೆ. ಅದನ್ನು ಕರೆದಾಗ ಇನ್ನೊಂದು ಪಾಠವೂ ಆಯಿತು. ಅಧ್ಯಾಯ, ಪರಿವಿಡಿ ಮೊದಲಾದ ತಲೆಬರಹಗಳ ಪದಗಳು ಆ ಕಡತದಲ್ಲೂ ಇವೆ, ಅವು ಪುಸ್ತಕ ಶುರುವಾಗುವ ಗಳಿಗೆಯಲ್ಲಿ ಜಾರಿಗೆ ಬರುತ್ತವೆ. ಅದಕ್ಕೆ ಮುಂಚೆ ನೀವು ಏನೇ ಬರೆದಿದ್ದರೂ ಅದು ಬದಿಗೆ ಸರಿಯುತ್ತದೆ. ಕೊನೆಗೆ ಬಂದವನ ಮಾತೇ ಇಲ್ಲಿ ನಡೆಯುವುದು. ಆದ್ದರಿಂದ ನಿಮ್ಮ ಪದವನ್ನು 'ಕ್ಯಾಪ್ಷನ್ಸ್‌ಕನ್ನಡ' ಎಂಬ ಆಜ್ಞೆಗೇ ಸೇರಿಸಬೇಕು. ಮೂಲ ಓದದಿದ್ದರೆ ಈ ಗುಟ್ಟು ನನಗೆ ಹೊಳೆಯುತ್ತಿರಲಿಲ್ಲ.

ಪದ ಒಡೆಯುವ ನಿಯಮಗಳು 'ಹೈಫ್-ಕೆಎನ್' ಎಂಬ ಮತ್ತೊಂದು ಕಡತದಲ್ಲಿವೆ. ಇದನ್ನು ಮಾತ್ರ ನೀವು ತೆರೆದು ನೋಡಲೇಬೇಕು. ಗಣಕದ ವಿದ್ಯೆ ಬೇಡ, ಕಾಗುಣಿತ ಬಲ್ಲವರೆಲ್ಲ ಓದಬಹುದು. ಅಕ್ಷರಗಳ ಪಕ್ಕದಲ್ಲಿ ಅಂಕಿಗಳಿವೆ. ಬೆಸ ಅಂಕಿ ಇದ್ದಲ್ಲಿ ಒಡೆಯಬಹುದು, ಸಮ ಅಂಕಿ ಇದ್ದಲ್ಲಿ ಕೂಡದು. ಸ್ಟ್ಯಾನ್‌ಫರ್ಡಿನಲ್ಲೇ ಓದಿದ ಫ್ರಾಂಕ್ಲಿನ್ ಲಿಯಾಂಗ್ ತಮ್ಮ 1983ರ ಪ್ರಬಂಧದಲ್ಲಿ ಕೊಟ್ಟ ವಿಧಾನವಿದು. ವ್ಯಂಜನದ ಹಿಂದೆ 1. ಅನುಸ್ವಾರ, ವಿಸರ್ಗಗಳ ಹಿಂದೆ 2. ಒತ್ತಕ್ಷರವನ್ನು ಬೆಸೆಯುವ ವಿರಾಮ ಚಿಹ್ನೆಗೆ ಎರಡೂ ಕಡೆ 2. ಹಾಗಾಗಿ 'ಕರ್ನಾಟಕ' ಎಂಬ ಪದ ಒಡೆದರೂ 'ರ್ನಾ' ಎಂದೂ ಒಡೆಯದು. ಒಂದನೆಯ ತರಗತಿಯಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದೇ ಇಲ್ಲಿ ಅಂಕಿಗಳಾಗಿ ಕುಳಿತಿದೆ.

ಆದರೆ ಈ ನಿಯಮಗಳಿಗೆ ಲಿಪಿ ಗೊತ್ತು, ಮಾತು ಗೊತ್ತಿಲ್ಲ. ಕೃಷ್ಣಗಿರಿ ಮಾವಿನ ಸೀಮೆಯಲ್ಲವೇ, ಸಂಚಿಕೆಯ ಒಂದು ಲೇಖನದಲ್ಲಿ 'ಮಾವಿನತೋಪು' ಬಂದಿತ್ತು. 'ಮಾವಿನತೋ' ಒಂದು ಸಾಲಿಗೆ, 'ಪು' ಮುಂದಿನ ಸಾಲಿಗೆ. ಸೀಸದ ಮೊಳೆ ಜೋಡಿಸುತ್ತಿದ್ದ ಹಳೆಯ ಕೈ ಹೀಗೆ ಮಾಡುತ್ತಿರಲಿಲ್ಲ ಎಂದು ಮೇಷ್ಟ್ರು ಗೊಣಗಿದರು. ಅವರ ಮಾತು ನ್ಯಾಯವೇ. 'ಹೈಫನೇಷನ್' ಎಂಬ ಆಜ್ಞೆಯ ಆವರಣದೊಳಗೆ 'ಮಾವಿನ' ಮತ್ತು 'ತೋಪು' ನಡುವೆ ಅಡ್ಡಗೆರೆ ಹಾಕಿ ಕೊಟ್ಟೆ. ಆ ಪದ ಇನ್ನು ಅಲ್ಲೇ ಒಡೆಯುತ್ತದೆ, ಬೇರೆಲ್ಲೂ ಒಡೆಯುವುದಿಲ್ಲ. ಅಂಥ ಪದಗಳ ಪಟ್ಟಿಯನ್ನು ಒಂದು ಪ್ರತ್ಯೇಕ ಕಡತದಲ್ಲಿ ಇಟ್ಟುಕೊಂಡಿದ್ದೇನೆ. ಮೇಷ್ಟ್ರು ಕರಡು ನೋಡಿದಾಗಲೆಲ್ಲ ಅದಕ್ಕೆ ನಾಲ್ಕು ಪದ ಸೇರುತ್ತವೆ.

ಸಂದೇಹ ಬಂದರೆ ಕೇಳಲು ನಮ್ಮ ಗಡಿಯೂರಿನಲ್ಲಿ ಹೆಚ್ಚು ಜನ ಇಲ್ಲ. ಹಾಗೆಂದು ಬಲ್ಲವರೇ ಇಲ್ಲವೆಂದಲ್ಲ. ಶ್ರೀರಂಗಪಟ್ಟಣದಲ್ಲಿ ಗಣಿತಜ್ಞ ಸಿ.ಎಸ್. ಯೋಗಾನಂದ ಅವರ ಶ್ರೀರಂಗ ಡಿಜಿಟಲ್ ಸಂಸ್ಥೆ ಟೆಕ್‌ನಲ್ಲಿ ಕನ್ನಡದ ಕೆಲಸ ಮಾಡಿದೆ. 2002ರಲ್ಲೂ 2011ರಲ್ಲೂ ಟೆಕ್ ಬಳಕೆದಾರರ ಅಂತರರಾಷ್ಟ್ರೀಯ ಸಮ್ಮೇಳನ ತಿರುವನಂತಪುರದಲ್ಲೇ ನಡೆಯಿತು. ಆದರೆ ರಾತ್ರಿ ಹತ್ತು ಗಂಟೆಗೆ, ಬೆಳಗ್ಗೆ ಅಚ್ಚಿಗೆ ಹೋಗಬೇಕಾದ ಪುಟದ ಮುಂದೆ ಕುಳಿತಾಗ, ಕೈಗೆ ಸಿಗುವುದು 'ಷೋ' ಮತ್ತು 'ಟೆಕ್‌ಡಾಕ್'ಗಳೇ.

ಎರಡನೆಯ ಕರಡನ್ನು ಮೇಷ್ಟ್ರು ಮನೆಗೆ ಒಯ್ದು ಮೂರು ದಿನ ಇಟ್ಟುಕೊಂಡರು. 'ಪರಿವಿಡಿ'ಯ ಪಕ್ಕದಲ್ಲಿ ಪೆನ್ಸಿಲಿನ ಸರಿ ಗುರುತು ಇತ್ತು. ಒಳಪುಟಗಳಲ್ಲಿ ಕೆಂಪು ಶಾಯಿ ಇನ್ನೂ ಸಾಕಷ್ಟಿತ್ತು. ಅವೆಲ್ಲ ನನ್ನ ಕಾಗುಣಿತದ ತಪ್ಪುಗಳು, ಅವುಗಳ ಮೂಲ ಯಾವ ಕಡತದಲ್ಲೂ ಸಿಗಲಿಲ್ಲ.