ಉತ್ತರ ಬಾರದಿದ್ದಾಗ

ನೀವು ದಿನಸಿ ಅಂಗಡಿಗೆ ಫೋನು ಮಾಡಿ, "ಮನೆಗೆ ಎರಡು ಮೂಟೆ ಅಕ್ಕಿ ಕಳುಹಿಸಿ, ಸ್ವಾಮಿ" ಎನ್ನುತ್ತೀರಿ. "ಆಗಲಿ" ಎಂಬ ಮಾತು ಕಿವಿಗೆ ಬೀಳುವ ಮೊದಲೇ ಫೋನು ಕಡಿದುಹೋಗುತ್ತದೆ. ನೀವು ಹೇಳಿದ್ದು ಅಂಗಡಿಯವರಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಮತ್ತೆ ಫೋನು ಮಾಡಿ ಅದೇ ಮಾತನ್ನು ಹೇಳಿದರೆ ನಾಲ್ಕು ಮೂಟೆ ಬಂದು ಇಳಿದಾವು. ಸುಮ್ಮನಿದ್ದರೆ ಒಂದೂ ಬಾರದೆ ಹೋದೀತು. ಬಲ್ಲವರು ಮಾಡುವುದು ಇಷ್ಟೆ: ಮತ್ತೆ ಫೋನು ಮಾಡಿ, "ಆಗ ನಾನು ಹೇಳಿದ್ದು ಕೇಳಿಸಿತೆ?" ಎಂದು ಮೊದಲು ವಿಚಾರಿಸುತ್ತಾರೆ. ಈ ಸಣ್ಣ ವಿವೇಕವೇ ಇಂದಿನ ನನ್ನ ಮಾತಿನ ವಿಷಯ.

ಇಂದು ಬ್ಯಾಂಕಿನ ಲೆಕ್ಕ, ಪಡಿತರದ ಪಟ್ಟಿ, ಪರೀಕ್ಷೆಯ ಅಂಕ, ಎಲ್ಲವೂ ಡೇಟಾಬೇಸ್ ಎಂಬ ಉಗ್ರಾಣದಲ್ಲಿ ಕುಳಿತಿವೆ. ಉಗ್ರಾಣವಿರುವ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಅದನ್ನು ನೋಡಿಕೊಳ್ಳುವವರು ಬೇರೆ ಊರಿನಲ್ಲಿಯೇ ಇರಬಹುದು. ತಮ್ಮ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಪಿಜಿಆಡ್ಮಿನ್, ಡಿಬೀವರ್ ಮುಂತಾದ ಸಾಫ್ಟ್‌ವೇರ್ ತೆರೆದು, ಜಾಲದ ಮೂಲಕ ಅಪ್ಪಣೆ ಕಳುಹಿಸುತ್ತಾರೆ. ಈ ಜಾಲ ನಡುವೆ ಕಡಿಯುವುದುಂಟು. ಕಡಿದಾಗ ಏನಾಗುತ್ತದೆ ಎಂಬುದನ್ನು ನೋಡೋಣ.

ಮೊದಲನೆಯ ಸೋಜಿಗವೆಂದರೆ, ಸಂಪರ್ಕ ಕಡಿದದ್ದು ಎರಡು ಕಡೆಯವರಿಗೂ ಕೂಡಲೆ ತಿಳಿಯಬೇಕೆಂಬ ನಿಯಮವಿಲ್ಲ. ಮಾತನಾಡದೆ ಇರುವಾಗ ಟಿಸಿಪಿ ಸಂಪರ್ಕದಲ್ಲಿ ಏನೂ ಹರಿಯುವುದಿಲ್ಲ. ದಾರಿಯಲ್ಲಿರುವ ರೂಟರ್, ಫೈರ್‌ವಾಲ್‌ಗಳು ಬಹಳ ಹೊತ್ತು ಮೌನವಾಗಿರುವ ಸಂಪರ್ಕವನ್ನು ತಮ್ಮ ಪಟ್ಟಿಯಿಂದ ಅಳಿಸಿಬಿಡುತ್ತವೆ. ಅಳಿಸಿದೆವೆಂದು ಹಲವು ವೇಳೆ ಯಾರಿಗೂ ಹೇಳುವುದಿಲ್ಲ. "ಇದ್ದೀಯಾ?" ಎಂದು ಆಗಾಗ್ಗೆ ಕೇಳುವ ಕೀಪ್‌ಅಲೈವ್ ಎಂಬ ಏರ್ಪಾಡು ಉಂಟು. ಆದರೆ ಲಿನಕ್ಸಿನಲ್ಲಿ, ನಾವಾಗಿ ಬದಲಿಸದಿದ್ದರೆ, ಮೊದಲ ಪ್ರಶ್ನೆ ಹೊರಡುವುದು 7,200 ಸೆಕೆಂಡು, ಅಂದರೆ ಎರಡು ಗಂಟೆಯ ಮೌನದ ತರುವಾಯ. ಇನ್ನು ಮೈಎಸ್‌ಕ್ಯೂಎಲ್ ಸರ್ವರು, 28,800 ಸೆಕೆಂಡು, ಎಂದರೆ ಎಂಟು ಗಂಟೆ ಸುಮ್ಮನಿದ್ದವರ ಸಂಪರ್ಕವನ್ನು ತಾನೇ ಮುಚ್ಚುತ್ತದೆ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಕೈಯಿಟ್ಟರೆ "ಸರ್ವರ್ ಹೊರಟುಹೋಗಿದೆ" ಎಂಬರ್ಥದ ಸಂದೇಶ ಬರುವುದುಂಟು. ಸರ್ವರು ಎಲ್ಲಿಗೂ ಹೋಗಿರುವುದಿಲ್ಲ; ಹೋದದ್ದು ನಡುವಿನ ಸಂಪರ್ಕ ಮಾತ್ರ.

ಹೋದರೆ ಹೋಗಲಿ, ಸಾಫ್ಟ್‌ವೇರ್ ತಾನಾಗಿಯೇ ಮತ್ತೆ ಸಂಪರ್ಕ ಬೆಳೆಸಿ, ಬಿಟ್ಟಲ್ಲಿಂದ ಮುಂದುವರಿಯಬಾರದೆ ಎಂದು ನೀವು ಕೇಳಬಹುದು. ಕೇಳುವುದಕ್ಕೆ ಹಿತವಾದ ಸಲಹೆ. ಅಪಾಯವೂ ಇಲ್ಲಿಯೇ ಇದೆ. ಒಂದು ಸಹಕಾರ ಸಂಘವನ್ನು ಊಹಿಸಿಕೊಳ್ಳಿ. ಪ್ರತಿಯೊಬ್ಬ ಸದಸ್ಯನ ಲೆಕ್ಕಕ್ಕೆ 500 ರೂಪಾಯಿ ಸೇರಬೇಕು. ಅನಂತರ ಇನ್ನೊಂದು ಪಟ್ಟಿಯಲ್ಲಿ "ಹಣ ಸಂದಿದೆ" ಎಂದು ಗುರುತು ಬೀಳಬೇಕು. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಹೀಗೆ ಕೆಲಸಗಳನ್ನು ಒಂದೇ ಗಂಟಾಗಿ ಕಟ್ಟುವುದಕ್ಕೆ ಟ್ರಾನ್ಸಾಕ್ಷನ್ ಎನ್ನುತ್ತಾರೆ. ಕೊನೆಗೆ "ಕಮಿಟ್" ಎಂದರೆ ಗಂಟು ಭದ್ರವಾಗುತ್ತದೆ. ಅದಕ್ಕೆ ಮೊದಲೇ ಸಂಪರ್ಕ ಸತ್ತರೆ ಸರ್ವರು ಅಷ್ಟನ್ನೂ ರದ್ದುಮಾಡುತ್ತದೆ.

ಈಗ 500 ರೂಪಾಯಿ ಸೇರಿಸುವ ಅಪ್ಪಣೆ ಮುಗಿದ ಮೇಲೆ ಸಂಪರ್ಕ ಕಡಿಯಿತೆನ್ನಿ. ಸರ್ವರು ನ್ಯಾಯವಾಗಿಯೇ ಅದನ್ನು ರದ್ದುಮಾಡಿತು. ಸಾಫ್ಟ್‌ವೇರ್ ಸದ್ದಿಲ್ಲದೆ ಹೊಸ ಸಂಪರ್ಕ ಬೆಳೆಸಿ, ಎರಡನೆಯ ಅಪ್ಪಣೆಯನ್ನು ಕಳುಹಿಸಿತು. ಹೊಸ ಸಂಪರ್ಕಕ್ಕೆ ಹಳೆಯ ಗಂಟಿನ ನೆನಪಿಲ್ಲ. "ಹಣ ಸಂದಿದೆ" ಎಂಬ ಗುರುತು ಬಿತ್ತು. ಹಣ ಮಾತ್ರ ಯಾರಿಗೂ ಸಲ್ಲಲಿಲ್ಲ! ಪರದೆಯ ಮೇಲೆ ತಪ್ಪಿನ ಸುಳಿವೂ ಇಲ್ಲ. ಕಡಿದದ್ದು ತಿಳಿದಿದ್ದರೆ ಗುಮಾಸ್ತೆ ಎಚ್ಚರಗೊಳ್ಳುತ್ತಿದ್ದಳು. ಉಪಕಾರಕ್ಕೆ ಹೋದ ಯಂತ್ರ ಅವಳ ಕಣ್ಣು ಕಟ್ಟಿತು. ಹಳೆಯ ಸಂಪರ್ಕದೊಡನೆ ಲಾಕುಗಳು, ತಾತ್ಕಾಲಿಕ ಕೋಷ್ಟಕಗಳು, ಆ ಹೊತ್ತಿಗೆಂದು ಮಾಡಿಕೊಂಡ ಏರ್ಪಾಡುಗಳು ಎಲ್ಲವೂ ಹೋಗುತ್ತವೆ. ಮೈಎಸ್‌ಕ್ಯೂಎಲ್‌ನವರು ತಮ್ಮಲ್ಲಿದ್ದ ತಾನೇ ಮರುಸಂಪರ್ಕಿಸುವ ಸೌಕರ್ಯವನ್ನು 2023ರಲ್ಲಿ, 8.0.34ನೆಯ ಆವೃತ್ತಿಯಿಂದ, ಬಳಕೆಗೆ ತಕ್ಕುದಲ್ಲವೆಂದು ಸಾರಿದ್ದಾರೆ. "ಸಂಪರ್ಕ ಹೋಯಿತು, ಮತ್ತೆ ಜೋಡಿಸಲೆ?" ಎಂದು ಬಾಯಿಬಿಟ್ಟು ಕೇಳುವ ಸಾಫ್ಟ್‌ವೇರೇ ಪ್ರಾಮಾಣಿಕವಾದದ್ದು.

ಇದಕ್ಕಿಂತ ಸೂಕ್ಷ್ಮವಾದ ಸಂಕಟ ಇನ್ನೊಂದಿದೆ. "ಕಮಿಟ್" ಎಂದು ಕಳುಹಿಸಿದಿರಿ, ಉತ್ತರ ಬರುವ ಮೊದಲೇ ಸಂಪರ್ಕ ಕಡಿಯಿತು. ಅಪ್ಪಣೆ ಹೋಗುವಾಗ ಕಡಿಯಿತೋ, ಉತ್ತರ ಬರುವಾಗ ಕಡಿಯಿತೋ? ಮೊದಲನೆಯದಾದರೆ ಕೆಲಸ ಆಗಿಲ್ಲ, ಎರಡನೆಯದಾದರೆ ಆಗಿಹೋಗಿದೆ. ಇತ್ತ ಕುಳಿತವರಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಇದನ್ನು ವಿದ್ವಾಂಸರು ಇಬ್ಬರು ಸೇನಾಪತಿಗಳ ಕತೆಯಾಗಿ ಹೇಳುತ್ತಾರೆ. 1978ರಲ್ಲಿ ಆ ಹೆಸರನ್ನು ಕೊಟ್ಟವರು ಡೇಟಾಬೇಸ್ ಶಾಸ್ತ್ರದ ಹಿರಿಯರಾದ ಜಿಮ್ ಗ್ರೇ. ಎರಡು ಗುಡ್ಡಗಳ ಮೇಲೆ ಎರಡು ದಂಡು, ನಡುವಿನ ಕಣಿವೆಯಲ್ಲಿ ಶತ್ರು. ದೂತನು ಸಿಕ್ಕಿಬೀಳಬಹುದಾದ್ದರಿಂದ, ಎಷ್ಟು ಓಲೆ ಕಳುಹಿಸಿದರೂ ಕಡೆಯ ಓಲೆ ತಲಪಿತೆ ಎಂಬ ಸಂದೇಹ ಉಳಿದೇ ಉಳಿಯುತ್ತದೆ.

ಸಂದೇಹವನ್ನು ನಿರ್ಮೂಲ ಮಾಡಲಾಗದಿದ್ದರೂ, ತರುವಾಯ ವಿಚಾರಿಸಲು ದಾರಿ ಉಂಟು. 2017ರಲ್ಲಿ ಹೊರಬಂದ ಪೋಸ್ಟ್‌ಗ್ರೆಸ್‌ನ 10ನೆಯ ಆವೃತ್ತಿಯಲ್ಲಿ ಇದಕ್ಕೆಂದೇ ಒಂದು ಅನುಕೂಲ ಬಂತು. ಕಮಿಟ್ ಎನ್ನುವ ಮೊದಲೇ ಆ ಟ್ರಾನ್ಸಾಕ್ಷನ್ನಿನ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಸಂಪರ್ಕ ಕಡಿದರೆ, ಹೊಸ ಸಂಪರ್ಕದಲ್ಲಿ ಆ ಸಂಖ್ಯೆಯನ್ನು ತೋರಿಸಿದಾಗ, ಅದು ಭದ್ರವಾಯಿತೆ, ರದ್ದಾಯಿತೆ, ಇನ್ನೂ ನಡೆಯುತ್ತಿದೆಯೆ ಎಂದು ಸರ್ವರು ತಿಳಿಸುತ್ತದೆ. ಇದಿಲ್ಲದ ಕಡೆ ಪ್ರತಿ ಕೆಲಸಕ್ಕೂ ನೀವೇ ಒಂದು ರಸೀದಿ ಸಂಖ್ಯೆ ಕೊಟ್ಟು, ಅದೇ ಗಂಟಿನೊಳಗೆ ಬರೆಸಿರಿ. ಒಂದೇ ರಸೀದಿ ಎರಡು ಸಲ ಸೇರದಂತೆ ಕಟ್ಟುಮಾಡಿದರೆ ನಾಲ್ಕು ಮೂಟೆಯ ಭಯವಿಲ್ಲ.

"ಇನ್ನೂ ನಡೆಯುತ್ತಿದೆ" ಎಂಬ ಉತ್ತರವನ್ನು ಅಲಕ್ಷ್ಯ ಮಾಡಬೇಡಿ. ನೀವು ಮಾಯವಾದದ್ದನ್ನು ಅರಿಯದ ಸರ್ವರು ನಿಮ್ಮ ದೀರ್ಘವಾದ ಕೆಲಸವನ್ನು ಲಾಕು ಹಿಡಿದುಕೊಂಡೇ ಮುಂದುವರಿಸುತ್ತಿರಬಹುದು. ಮರಳಿ ಬಂದೊಡನೆ ಅದೇ ಅಪ್ಪಣೆಯನ್ನು ಕೊಟ್ಟರೆ, ಹಳೆಯದರ ಹಿಂದೆ ಹೊಸದು ಸರದಿ ನಿಲ್ಲುತ್ತದೆ. ಆದ್ದರಿಂದ ನಡೆಯುತ್ತಿರುವ ಕೆಲಸಗಳ ಪಟ್ಟಿಯನ್ನು ಮೊದಲು ನೋಡಬೇಕು. ಬಹಳ ಹೊತ್ತಿನ ಕೆಲಸವಾದರೆ, ಟಿಮಕ್ಸ್ ಅಥವಾ ಸ್ಕ್ರೀನ್ ಎಂಬ ಸಾಧನದಿಂದ ಸರ್ವರಿನ ಬಳಿಯ ಕಂಪ್ಯೂಟರಿನಲ್ಲಿಯೇ ಓಡಿಸುವುದು ಲೇಸು. ನಿಮ್ಮ ಮನೆಯ ಜಾಲ ಕಡಿದರೂ ಅಲ್ಲಿಯ ಕೆಲಸ ಕಡಿಯದು. ಕೀಪ್‌ಅಲೈವ್ ಪ್ರಶ್ನೆಯ ಅವಧಿಯನ್ನು ಎರಡು ಗಂಟೆಯಿಂದ ಒಂದೆರಡು ನಿಮಿಷಕ್ಕೆ ಇಳಿಸುವುದೂ ಒಳ್ಳೆಯದು.

ಸಂಪರ್ಕ ಎಂದಿಗೂ ಕಡಿಯದಂತೆ ಮಾಡುವುದು ಯಾರ ಕೈಯಲ್ಲೂ ಇಲ್ಲ. ಉತ್ತರ ಬಾರದಿದ್ದರೆ ಅದನ್ನು "ಆಯಿತು" ಎಂದೂ ತಿಳಿಯಬಾರದು, "ಆಗಲಿಲ್ಲ" ಎಂದೂ ತಿಳಿಯಬಾರದು. ಮುಂದಿನ ಬಾರಿ ಪರದೆಯ ಮೇಲೆ ಸಂಪರ್ಕ ಹೋಯಿತೆಂಬ ಸಂದೇಶ ಕಂಡಾಗ, ಅದೇ ಗುಂಡಿಯನ್ನು ಮತ್ತೆ ಒತ್ತುವ ಮುನ್ನ ಕೈ ಹಿಂದೆಗೆದು, ದಿನಸಿ ಅಂಗಡಿಯ ಫೋನನ್ನು ನೆನೆದುಕೊಳ್ಳಿ. ಮೊದಲು ವಿಚಾರಿಸಿ, ಆಮೇಲೆ ಅಪ್ಪಣೆ ಮಾಡಿ.